ಪೂಜೆ ಸಾಲಿನಲ್ಲಿ ನನ್ನ ಸೈಕಲ್

ನಾನು ಗೇರಿರುವ ಹೈಬ್ರಿಡ್ ಸೈಕಲ್ ಕೊಂಡ ದಿನ ಅಪ್ಪ ಊಟ ಬಿಟ್ಟರು. ಸುಳ್ಳಲ್ಲ. ವರ್ತೂರಿನಿಂದ ಎರಡು ಕ್ಯಾನು ಹಾಲು ಕಟ್ಟಿಕೊಂಡು, ಇಪ್ಪತ್ತು ವರ್ಷ ಸೈಕಲ್ ತುಳಿದು ಮನೆಮನೆಗೆ ಹಾಕಿ ಬಂದ ಮನುಷ್ಯ ಅವರು. ನಮ್ಮ ಹೊಲದಲ್ಲಿ ಬಾಡಿಗೆ ಮನೆಗಳು ಎದ್ದ ಮೇಲೆ ಆ ಸೈಕಲ್ಲನ್ನು ಗುಜರಿಗೆ ಹಾಕಿದ್ದರು. "ನಮ್ಮನೇಲಿ ಇನ್ಯಾರೂ ಪೆಡಲ್ ತುಳೀಬಾರ್ದು ಅಂತ ಕಷ್ಟಪಟ್ಟೆ ಕಣವ್ವ. ನೀನು ದುಡ್ಡು ಕೊಟ್ಟು ಅದನ್ನೇ ತಂದ್ಯಲ್ಲ" ಅಂದರು.

ನಾನೇನು ಕಮ್ಮಿ ಮೊಂಡಿಯೇ? ಅವರ ಮಗಳೇ ತಾನೆ. ದೊಡ್ಡನೆಕ್ಕುಂದಿಯ ಕಾರ್ಖಾನೆಗೆ ದಿನಾ ಅದರಲ್ಲೇ ಹೋದೆ. ಅಬ್ಬಾ, ಏನು ಗಾಡಿ ಅದು! ಕಾರುಗಳು ಸಿಗ್ನಲ್‌ನಲ್ಲಿ ಬೇರು ಬಿಟ್ಟು ನಿಂತಿದ್ದರೆ ನಾನು ಅಂಚಿನಲ್ಲಿ ಸುಯ್ಯಂತ ಹೋಗಿಬಿಡುತ್ತಿದ್ದೆ. ರಜೆ ದಿನ ಬೆಳಗ್ಗೆ ಸುಮ್ಮನೆ ಖುಷಿಗೆ ಅಂತ, ಕೆರೆ ಏರಿ ದಾಟಿ, ಇನ್ನೂ ರಾಗಿ ಹೊಲ ಉಳಿದಿರುವ ಕಡೆಗೆ ಹೋಗುತ್ತಿದ್ದೆ. ದಾರಿ ಏರು ಬಂದಾಗ ಗೇರ್ ಇಳಿಸುತ್ತ ಅಪ್ಪನ ನೆನಪಾಗುತ್ತಿತ್ತು. ಗೇರಿಲ್ಲದ ಗಾಡಿ, ಹಿಂದೆ ಎರಡು ತುಂಬಿದ ಕ್ಯಾನು, ಹಾಲು ತುಳುಕುವ ಹಾಗಿಲ್ಲ. ಹೇಗೆ ಹತ್ತಿದರೋ ಪುಣ್ಯಾತ್ಮ! ಆದರೆ ಅದನ್ನು ಅವರ ಮುಂದೆ ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಅವರೂ ಸೈಕಲ್ ಕಡೆ ತಿರುಗಿ ನೋಡುತ್ತಿರಲಿಲ್ಲ.

ಆಯುಧ ಪೂಜೆ ಬಂತು. ಕಾರು, ಸ್ಕೂಟರ್, ನೀರಿನ ಮೋಟರು, ಕೊನೆಗೆ ಅಡುಗೆಮನೆಯ ಈಳಿಗೆಮಣೆಗೂ ಕುಂಕುಮ ಬಿತ್ತು. ನಾನೂ ಸೈಕಲ್ ತೊಳೆದು ತಂದು ಸಾಲಿನ ಕೊನೆಗೆ ನಿಲ್ಲಿಸಿದೆ. ಒಂದು ಹೂವಿಟ್ಟರೆ ಸಾಕು, ಒಪ್ಪಿದರು ಅಂತ ತಿಳಿಯುತ್ತೇನೆ ಅಂದುಕೊಂಡಿದ್ದೆ. ಅಪ್ಪ ಎಲ್ಲಕ್ಕೂ ಮಂಗಳಾರತಿ ಬೆಳಗಿ, ಕುಂಬಳಕಾಯಿ ಒಡೆದು, ಸೈಕಲ್ಲನ್ನು ದಾಟಿ ಒಳಗೆ ನಡೆದುಬಿಟ್ಟರು. ಒಬ್ಬಟ್ಟು ಕೂಡ ಮುಟ್ಟದೆ ಮಲಗಿದೆ.

ಮಾರನೆಯ ದಿನ ವಿಜಯದಶಮಿ, ರಜೆ. ನಸುಕಿನಲ್ಲೇ ಸಿಟ್ಟಿನಿಂದ ಸೈಕಲ್ ಎತ್ತಿಕೊಂಡು ಹೊರಟೆ. ಕೆರೆ ಏರಿಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ, ಅಯ್ಯೋ ಶಿವನೇ, ಹಿಡಿಯುತ್ತಲೇ ಇಲ್ಲ! ಎರಡೂ ಕಾಲು ನೆಲಕ್ಕೆ ಉಜ್ಜುತ್ತ ಲಂಟಾನ ಪೊದೆಗೆ ನುಗ್ಗಿ ನಿಂತೆ. ಮೊಣಕೈ ತರಚಿತು. ಎದ್ದು ನೋಡಿದರೆ ಎರಡು ರಿಮ್ಮಿಗೂ ಕೊಬ್ಬರಿ ಎಣ್ಣೆ, ಬ್ರೇಕಿನ ರಬ್ಬರು ಹಿಡಿಯಬೇಕಾದ ಜಾಗಕ್ಕೇ! ಸೀಟಿನ ಕೆಳಗೆ, ಯಾರಿಗೂ ಕಾಣದ ಕಡೆ, ಒಂದು ಕುಂಕುಮದ ಬೊಟ್ಟು, ಸಿಕ್ಕಿಸಿದ ಒಂದು ಸೇವಂತಿಗೆ. ಅಲ್ಲೇ ಪೊದೆ ಪಕ್ಕ ಕೂತೆ. ನಗು, ಅಳು ಎರಡೂ ಒಟ್ಟಿಗೇ ಬಂದವು.

ಸೈಕಲ್ ತಳ್ಳಿಕೊಂಡು ಮನೆಗೆ ಬಂದೆ. ಅಪ್ಪ ನನ್ನ ಮೊಣಕೈ ನೋಡಿದರು, ರಿಮ್ ನೋಡಿದರು. ಮುಖ ಬಿಳುಚಿತು.

"ತುಕ್ಕು ಇಡೀಬಾರ್ದು ಅಂತ ನನ್ ಸೈಕಲ್‌ಗೆ ವರ್ಷಾ ವರ್ಷಾ ಇಂಗೇ ಎಣ್ಣೆ ಆಕ್ತಿದ್ದೆ ಕಣವ್ವ."

"ಮತ್ತೆ ಬ್ರೇಕ್ ಹೇಗಪ್ಪಾ ಹಿಡೀತಿತ್ತು?"

"ಅದಕ್ಕೆ ಬ್ರೇಕ್ ಎಲ್ಲಿತ್ತು? ಕಾಲೇ ಬ್ರೇಕು."

ಎರಡು ಕ್ಯಾನು ಹಾಲು, ಆ ಇಳಿಜಾರು, ಬ್ರೇಕೇ ಇಲ್ಲ! ಇಷ್ಟು ದಿನ ನುಂಗಿಕೊಂಡಿದ್ದು ಹೊರಗೆ ಬಂದೇಬಿಟ್ಟಿತು. "ಗೇರಿದ್ರೂ ನಿನ್ನಂಗೆ ತುಳಿಯೋಕೆ ನನ್ನ ಕೈಲಾಗಲ್ಲಪ್ಪ" ಅಂದೆ. ಅವರು ಸೋಪಿನ ನೀರು ತಂದು, ಕುಕ್ಕರಗಾಲಲ್ಲಿ ಕೂತು ರಿಮ್ ಒರೆಸತೊಡಗಿದರು.

ಮುಂದಿನ ವರ್ಷದ ಪೂಜೆಗೆ ನನ್ನ ಸೈಕಲ್ ಕಾರಿಗಿಂತ ಮುಂದೆ ನಿಂತಿತ್ತು. ಎಣ್ಣೆ, ಕುಂಕುಮ ತಾಗದಿರಲಿ ಅಂತ ಎರಡು ರಿಮ್ಮಿಗೂ ಅಪ್ಪ ಹಳೇ ಪೇಪರ್ ಸುತ್ತಿ ದಾರ ಕಟ್ಟಿದ್ದರು.