ಪಟ್ಟಿ ಉಂಡೋ?

ಒಂದೇ ಕಂಪನಿಯ ಒಂದೇ ಎಸ್‌ಯುವಿ, ಮಾಡೆಲ್ ವರ್ಷ ಮಾತ್ರ ಬೇರೆ. ಹೊಸತು ನಮ್ಮ ತಿರುವನಂತಪುರದಲ್ಲೇ, ಪಟ್ಟಂನ ಶೋರೂಮಿನಲ್ಲಿತ್ತು. ನಾಲ್ಕು ವರ್ಷ ಹಳೆಯದು ಎರ್ನಾಕುಲಂನ ನಿವೃತ್ತ ಮೇಷ್ಟರೊಬ್ಬರ ಮನೆಯಲ್ಲಿತ್ತು. ಮಗಳಿಗೆ ಹೊಸತೇ ಬೇಕು, ಅದರ ಛಾವಣಿ ತೆರೆಯುತ್ತದಂತೆ. "ನೋಡಿಯಾದರೂ ಬರೋಣ ಬಾರೇ" ಎಂದು ಎರ್ನಾಕುಲಂಗೆ ಹೊರಡಿಸಿದೆ.

ಹಳೇ ಗಾಡಿಯಲ್ಲಿ ಏನೇನು ಬದಲಾಯಿಸಿದ್ದಾರೆ ಎಂಬ ಪಟ್ಟಿ ನನಗೆ ಬೇಕಿತ್ತು. ನಾನು ಬ್ಯಾಂಕಿನವನು, ಕಾಗದ ನೋಡದೆ ನಂಬಿಕೆ ಬರುವುದಿಲ್ಲ. ವರ್ಗವಾಗಿ ಬಂದ ಮೈಸೂರಿನವನಿಗೆ ಎಷ್ಟು ಮಲಯಾಳಂ ಬರುತ್ತದೋ ಅಷ್ಟರಲ್ಲೇ ಕೇಳಿದೆ: "ಸಾರ್, ಪಟ್ಟಿ ಉಂಡೋ?" ಇದೆಯಾ, ಅಂತ.

"ಉಂಡಾಯಿರುನ್ನು" ಎಂದರು ಮೇಷ್ಟರು. ಇತ್ತು, ಅಂತ. ಆಮೇಲೆ ಹಿಂದಿನ ಬಾಗಿಲು ತೆರೆದು, ಒಳಗಿದ್ದ ಗೀರುಗಳ ಮೇಲೆ ಬೆರಳಾಡಿಸಿದರು. ಕಿಟಕಿ ಇಳಿಸುವವರೆಗೂ ಇಲ್ಲೇ ಕೆರೆಯುತ್ತಿದ್ದಳಂತೆ. ಅವಳಿಲ್ಲದೆ ಈ ಗಾಡಿ ಹತ್ತಲು ಅವರಿಗೆ ಮನಸ್ಸೇ ಬರುತ್ತಿಲ್ಲವಂತೆ.

ಈ 'ಅವಳು' ಯಾರೆಂದೇ ನನಗೆ ಅರ್ಥವಾಗಲಿಲ್ಲ. ಮನೆಯಲ್ಲೂ ಕನ್ನಡಕ್ಕೆ ಬಾಯಿ ಬಿಡದೆ ಮಲಯಾಳಂನಲ್ಲೇ ಮಾತಾಡುವ ಮಗಳು ನನ್ನ ಅಂಗಿ ಎಳೆದು ಪಿಸುಗುಟ್ಟಿದಳು: "ಅಪ್ಪಾ, ಇಲ್ಲಿ ಪಟ್ಟಿ ಅಂದ್ರೆ ನಾಯಿ!"

ಅದಾದ ಮೇಲೆ ಇನ್ನೊಂದು ಪಟ್ಟಿಯ ಮಾತೆತ್ತಲು ನನಗೆ ಬಾಯಿ ಬರಲಿಲ್ಲ. ಮಗಳು ಹಿಂದಿನ ಸೀಟು ಹತ್ತಿ, ಆ ಗೀರುಗಳನ್ನು ತಾನೂ ಸವರಿ, "ಇದು ಮತಿ ಅಪ್ಪಾ" ಎಂದಳು. ಇದೇ ಸಾಕಂತೆ.

ಗಾಡಿ ಮನೆಗೆ ಬಂದು ಮೂರು ತಿಂಗಳಾಯಿತು. ಏನೇನು ಬದಲಾಯಿಸಿದ್ದಾರೋ ಇವತ್ತಿಗೂ ಗೊತ್ತಿಲ್ಲ. ಮಗಳು ಮಾತ್ರ ಹಿಂದಿನ ಸೀಟಿನಿಂದ ದಿನಾ ಕೇಳುತ್ತಾಳೆ, "ಅಪ್ಪಾ, ನಮಗೆ ಪಟ್ಟಿ ಯಾವಾಗ?"

ಅವಳಿಗೆ ಬೇಕಾಗಿರುವುದು ಬಾಲ ಇರುವ ಪಟ್ಟಿ.