ಎಮ್ಮೆ ಹೇಳಿದ ಸಾಕ್ಷಿ

೧೯೭೧ರಲ್ಲಿ ಏಳನೇ ತರಗತಿಗೆ ಶಾಲೆ ಬಿಟ್ಟೆ. ಅದಾದ ಮರುವರ್ಷವೇ ಬಳ್ಳಾರಿಯ ಕೌಲ್ ಬಜಾರಿನ ಓಣಿಯಲ್ಲಿ, ಹತ್ತು ಮನೆಯವರ ಎದುರಿಗೆ, ನಮ್ಮ ಎಮ್ಮೆ ನನ್ನನ್ನು ಒದ್ದು ಕೆಡವಿತು.

ನಮ್ಮದು ರೂಪನಗುಡಿ ರಸ್ತೆಯಲ್ಲಿ ಊರಂಚಿನ ಹಳ್ಳಿ. ಆ ಹತ್ತೂ ಮನೆಗೆ ದಿನಾ ತಪ್ಪದೆ ಹಾಕುವ ವರ್ತನೆ ಹಾಲು ನಮ್ಮದೇ. ಹಾಲಿನಲ್ಲಿ ನೀರಿದೆ ಎಂದು ಮೊದಲ ಮನೆಯ ಖಾಜಾಬಿ ತಕರಾರು ತೆಗೆದರು. ಅವರು ನಮ್ಮ ಹಾಲು ಬಿಟ್ಟರೆ ಓಣಿಯೇ ಬಿಡುತ್ತಿತ್ತು. "ಎಮ್ಮೀನ ನಿಮ್ಮ ಬಾಗಿಲಿಗೆ ತಂದು ಹಿಂಡ್ತೀನಿ, ಕಣ್ಣಾರೆ ನೋಡ್ರಿ" ಎಂದು ಜಂಬ ಕೊಚ್ಚಿದೆ.

ಎಮ್ಮೆಗೆ ನಮ್ಮವ್ವನ ಕೈ ರೂಢಿ. ಅವ್ವನ ಹಳೆಯ ಸೀರೆ ತಲೆಗೆ ಹೊದ್ದು ಹಿಂಡಲು ಕೂತೆ. ಓಣಿ ನಕ್ಕಿತು. ಎಮ್ಮೆ ಮಾತ್ರ ಮೋಸ ಹೋಗಲಿಲ್ಲ, ಒದೆಯಿತು.

"ಸರೀಲೇ ಆಚಿಗೆ. ನಾನೂ ತೌರೂರು ಹಚ್ಚೊಳ್ಳ್ಯಾಗ ಎಮ್ಮಿ ಹಿಂಡಿ ಬೆಳದಾಕಿ" ಎಂದು ಖಾಜಾಬಿ ಆ ಸೀರೆ ಕಸಿದು ತಾವೇ ಹೊದ್ದು ಕೂತರು. ತಂಬಿಗೆ ನೊರೆಯೊಡನೆ ತುಂಬಿತು. ಹಾಲಿಗೆ ಬೆರಳದ್ದಿ ನೋಡಿ, ನನ್ನ ಕಿವಿಯ ಬಳಿ ಬಗ್ಗಿದರು.

"ದಿನಾ ನೀ ತರೂದಕ್ಕಿಂತ ಗಟ್ಟಿ ಐತಲ್ಲೋ ಇದು. ನಾಳಿಂದ ಇಂಥಾದ್ದ ತಾ, ನಾ ಓಣ್ಯಾಗ ಬಾಯಿ ಬಿಡಂಗಿಲ್ಲ."

ದಿನಾ ಬೆರೆಸುತ್ತಿದ್ದ ಒಂದು ಚೊಂಬು ನೀರಿಗೆ ನಾನೇ ಸಾಕ್ಷಿಯನ್ನು ಹಗ್ಗ ಹಿಡಿದು ನಡೆಸಿಕೊಂಡು ಬಂದಿದ್ದೆ.

ಖಾಜಾಬಿ ಮಾತು ಉಳಿಸಿಕೊಂಡರು, ನಾನೂ ನೀರು ಬೆರೆಸುವುದು ಬಿಟ್ಟೆ. ಇಂದು ನನಗೆ ಹನ್ನೊಂದು ಎಮ್ಮೆ, ಎರಡು ಸೈಕಲ್ಲು, ನಲವತ್ತು ಮನೆಯ ವರ್ತನೆ ಇವೆ.