ನೆಲಹಾಸಿನ ಕೆಳಗಿನ ಮುಖಪುಟ

ಲಾನ್ಸೆಸ್ಟನ್ ಎಂಬ ಊರಿನಲ್ಲಿ ಹಳೇ ಮನೆಗಳ ನೆಲಹಾಸು ಕಿತ್ತು ಹೊಸದು ಹಾಸುವ ಮುದುಕ ಕ್ಲೆಮ್ ಗೌಲ್ಡಿಗೆ ಒಂದು ದಿನದ ಕೆಲಸ ಕೊಟ್ಟರೆ ಮೂರು ದಿನ ಹಿಡಿಯುತ್ತದೆ. ಹಾಸಿನ ಅಡಿಗೆ ಹಿಂದಿನವರು ಹರಡಿದ ಪತ್ರಿಕೆಗಳನ್ನು ಮಂಡಿಯೂರಿ ಓದದೆ ಅವನ ಕೈ ಮುಂದಕ್ಕೆ ಹೋಗುವುದಿಲ್ಲ. ಮೊನ್ನೆ ಟೆಸ್ ಎಂಬಾಕೆಯ ಮನೆಯಲ್ಲೂ ಹಾಗೇ ಆಯಿತು. "ಇವತ್ತಾದ್ರೂ ನನ್ನ ಅಡುಗೆಮನೆ ಮುಗಿಸ್ತೀರೇನ್ರೀ?" ಎಂದು ಅವಳು ಕೇಳಿದರೆ, "ತಡಿಯಮ್ಮಾ, ಇಲ್ಲಿ ರಾಣಿ ಈಗಷ್ಟೇ ಹಡಗಿಂದ ಇಳೀತಿದ್ದಾಳೆ" ಎಂದ. ಒಲೆಯ ಬಳಿಯ ಹಾಳೆಯಲ್ಲಿ ಕುರಿಗಳ ಬೆಲೆಯೇ ಮುಖಪುಟದ ಸುದ್ದಿ. ಕಿಟಕಿಯ ಕಡೆಯ ಹಾಳೆಗಳಲ್ಲೆಲ್ಲ ಟೋಪಿ ಹಾಕಿದ ಗಂಡಸರ ಚಿತ್ರ. "ಹೆಂಗಸರು ಮುಖಪುಟಕ್ಕೆ ಬರಬೇಕಾದ್ರೆ ತಲೆ ಮೇಲೆ ಕಿರೀಟ ಇರಬೇಕಿತ್ತು, ಇಲ್ಲಾ ಕೊಲೆಯಾಗಬೇಕಿತ್ತು ನೋಡು!" ಎಂದು ನಕ್ಕವನು ಬಾಗಿಲ ಬಳಿಯ ಹಾಳೆಗೆ ಬಂದು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದ. ಗಂಡಸರಾಗಿ ಗಂಡಸರನ್ನೇ ಪ್ರೀತಿಸಿದ ತಪ್ಪಿಗೆ ಕಟಕಟೆ ಹತ್ತಿದವರ ಹೆಸರುಗಳನ್ನು "ಊರಿಗೇ ನಾಚಿಕೆಗೇಡು" ಎಂಬ ದಪ್ಪಕ್ಷರದಡಿ ಅಚ್ಚು ಹಾಕಿದ್ದರು. ಅದರಲ್ಲೊಂದು ಅವನ ಅಣ್ಣ ರೆಕ್ಸನದು. ಆ ಪತ್ರಿಕೆ ಬಂದ ಬೆಳಿಗ್ಗೆ ಮನೆ ಬಿಟ್ಟ ಅಣ್ಣ ಮತ್ತೆ ಊರಿಗೆ ಕಾಲಿಡದೆ ಮೆಲ್ಬರ್ನಿನಲ್ಲೇ ಮಣ್ಣಾದ. ಅವನ ಬಾಯಿಂದ ವಿಷಯ ತಿಳಿದ ಟೆಸ್, "ಹರಿದು ಒಲೆಗೆ ಹಾಕಿಬಿಡ್ಲಾ?" ಎಂದು ಮೆಲ್ಲಗೆ ಕೇಳಿದಳು. "ಬೇಡಮ್ಮಾ, ಇರಲಿ. ಹಿಂಗೂ ಬರೀತಿದ್ರು ಅಂತ ಮುಂದಿನವರಿಗೆ ಗೊತ್ತಾಗ್ಲಿ" ಎಂದ ಕ್ಲೆಮ್, ಮೇಜಿನ ಮೇಲಿದ್ದ, ಅವತ್ತೇ ಬಂದ ಪತ್ರಿಕೆಯನ್ನು ಕೇಳಿ ತೆಗೆದುಕೊಂಡ. ಅಣ್ಣನ ಹೆಸರು ಹಾಕಿದ್ದ ಅದೇ ಪತ್ರಿಕೆ, ಆದರೆ ಈ ಸಲ ಮುಖಪುಟದ ತುಂಬ ಆಗಷ್ಟೇ ಮದುವೆಯಾದ ಇಬ್ಬರು ಗಂಡಸರು ಕೋಟಿಗೆ ಹೂ ಸಿಕ್ಕಿಸಿಕೊಂಡು ನಗುತ್ತಿದ್ದರು. ಅದನ್ನು ರೆಕ್ಸನ ಹೆಸರಿನ ಪಕ್ಕಕ್ಕೇ ಹಾಸಿ, ಅಂಗೈಯಿಂದ ಸುಕ್ಕು ತೀಡಿ, "ಓದ್ಕೋ ಅಣ್ಣಾ" ಎಂದು ಮೇಲೆ ಹೊಸ ಹಾಸು ಎಳೆದ.